ತುರಿಕೆ ನಿಂತಿತೆಂದು ನೆಮ್ಮದಿಪಟ್ಟ ಆ ನಾಲ್ಕು ದಿನ

ಇಸುಬು ಇರುವ ಮಗುವನ್ನು ಸಾಕುತ್ತಿರುವವರೆಲ್ಲ ಇದನ್ನು ಕೊನೆತನಕ ಓದಿ ಎಂದು ಕೇಳಿಕೊಳ್ಳುತ್ತೇನೆ. ಪುರುಸೊತ್ತಿಲ್ಲದಿದ್ದರೆ ಇಷ್ಟನ್ನಾದರೂ ನೆನಪಿಟ್ಟುಕೊಳ್ಳಿ. ಇಸುಬಿನ ಜಾಗದಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಮಗು ಕೆರೆದುಕೊಳ್ಳುವುದನ್ನು ಬಿಟ್ಟು "ನೋವು, ನೋವು" ಎನ್ನತೊಡಗಿದರೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಎಂದು ಕೂರಬೇಡಿ. ನಾನು ನಾಲ್ಕು ದಿನ ಹಾಗೇ ಕೂತಿದ್ದೆ.

ನನ್ನ ಮಗಳಿಗೆ ಆಗ ಮೂರು ವರ್ಷ. ಐದು ತಿಂಗಳ ಕೂಸಾಗಿದ್ದಾಗಿನಿಂದಲೂ ಕೆನ್ನೆ, ಕತ್ತು, ಮೊಣಕೈ ಮಡಿಕೆ, ಮಂಡಿಯ ಹಿಂಭಾಗದಲ್ಲಿ ಇಸುಬು. ಡಾಕ್ಟರ ಚೀಟಿಯಲ್ಲಿ ಅದು ಅಟಾಪಿಕ್ ಡರ್ಮಟೈಟಿಸ್. ಕೆರಳುವುದು, ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇಳಿಯುವುದು, ಮತ್ತೆ ಕೆರಳುವುದು, ಇದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಈ ಚರ್ಮದ ಒಂದೊಂದು ಬಣ್ಣವೂ ನನಗೆ ಗೊತ್ತು ಎಂಬ ಭರವಸೆಯೇ ನನ್ನನ್ನು ತಪ್ಪುದಾರಿಗೆ ಎಳೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಎಡಗೆನ್ನೆಯ ಮೇಲೆ ಏಳೆಂಟು ಗುಳ್ಳೆ ಕಂಡವು. ಇಸುಬು ಜಾಸ್ತಿಯಾಗಿದೆ ಎಂದುಕೊಂಡು ಮುಲಾಮು ಹಚ್ಚಿದೆ. ಬುಧವಾರಕ್ಕೆ ಅವು ಕತ್ತಿಗೆ ಇಳಿದಿದ್ದವು. ಅವತ್ತು ರಾತ್ರಿ ಅವಳು ಕೆರೆದುಕೊಳ್ಳದೆ ಮಲಗಿದಳು. ರಾತ್ರಿಯೆಲ್ಲ ಪರಪರ ಕೆರೆಯುವ ಸದ್ದು ಕೇಳಿ ಕೇಳಿ ಸೋತಿದ್ದ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮುಲಾಮು ಕೆಲಸ ಮಾಡುತ್ತಿದೆ ಎಂದು ಗಂಡನನ್ನು ಎಬ್ಬಿಸಿ ಹೇಳಿದೆ. ಅವಳು ಕೆರೆದುಕೊಳ್ಳದೆ ಇದ್ದದ್ದು ನವೆ ಹೋಗಿದ್ದರಿಂದಲ್ಲ, ಮುಟ್ಟಿದರೆ ನೋಯುತ್ತಿದ್ದದ್ದರಿಂದ. ಬೆಳಿಗ್ಗೆ ಮುಖ ತೊಳೆಸಲು ಹೋದಾಗ ಕಿರುಚಿ ಹಿಂದೆ ಸರಿದಳು. ಹಟ ಮಾಡುತ್ತಿದ್ದಾಳೆ ಎಂದು ಗದರಿಸಿದೆ. ಈ ಸಾಲು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಗುರುವಾರ ಸಂಜೆ ಜ್ವರ ಬಂತು. ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಹಕ್ಕಳೆ ಕಟ್ಟಿದ್ದನ್ನು ನೋಡಿ, ಇಸುಬಿಗೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟರು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಇಸುಬಿನ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ತೀರಾ ಸಾಮಾನ್ಯ, ಮತ್ತು ನಮ್ಮ ಮಗಳಿಗೆ ಅದೂ ಇತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಅಡಿಯಲ್ಲಿದ್ದದ್ದು ಬೇರೆ. ಆ ಸಿರಪ್ಪಿನ ಧೈರ್ಯದಲ್ಲಿ ಇನ್ನೊಂದು ದಿನ ಕಳೆದೆವು. ಶುಕ್ರವಾರ ರಾತ್ರಿ ಎಡಗಣ್ಣಿನ ರೆಪ್ಪೆ ಊದಿಕೊಂಡು ಕಣ್ಣು ತೆರೆಯಲು ಆಗದಂತಾಯಿತು. ನೀರು ಕುಡಿಯಲೂ ಒಲ್ಲೆ ಎಂದಳು. ಶನಿವಾರ ಬೆಳಕು ಹರಿಯುವ ಮುಂಚೆ ದೊಡ್ಡಾಸ್ಪತ್ರೆಯಲ್ಲಿದ್ದೆವು.

ಅಲ್ಲಿನ ಡಾಕ್ಟರಮ್ಮ ಅವಳನ್ನು ಕಂಡ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ಹೋದ ವಾರ ಹತ್ತು ದಿನದಲ್ಲಿ ತುಟಿ ಮೇಲೆ ಜ್ವರದ ಗುಳ್ಳೆ ಇದ್ದವರು ಯಾರಾದ್ರೂ ಮಗೂನ ಮುದ್ದು ಮಾಡಿದ್ರಾ?"

ನನ್ನ ತಮ್ಮ ಬಂದುಹೋಗಿ ಒಂಬತ್ತು ದಿನವಾಗಿತ್ತು. ಅವನ ಕೆಳತುಟಿಯ ಅಂಚಿನಲ್ಲಿ ಗುಳ್ಳೆಯಿತ್ತು. ಸೊಸೆಯೆಂದರೆ ಅವನಿಗೆ ಪ್ರಾಣ. ಎತ್ತಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಿದ್ದ. ನಾನು ಎದುರಿಗೇ ಇದ್ದೆ, ನಗುತ್ತಿದ್ದೆ.

ಕಾಯಿಲೆಯ ಹೆಸರು ಎಕ್ಸಿಮಾ ಹರ್ಪೆಟಿಕಂ. ತುಟಿಯ ಮೇಲೆ ಜ್ವರದ ಗುಳ್ಳೆ ತರುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸೇ ಇಸುಬಿನ ಚರ್ಮದ ಮೇಲೆ ಕಾಡ್ಗಿಚ್ಚಿನಂತೆ ಹಬ್ಬುವುದು. ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ 1887ರಲ್ಲೇ ಇದನ್ನು ವಿವರಿಸಿದ್ದರು. ಅಷ್ಟು ಹಳೆಯ ಕಾಯಿಲೆಯ ಹೆಸರನ್ನು ಇಸುಬಿನ ಮಗುವಿನ ತಾಯಿಯಾಗಿ ಎರಡೂವರೆ ವರ್ಷ ಕಳೆದರೂ ನಾನು ಒಮ್ಮೆಯೂ ಕೇಳಿರಲಿಲ್ಲ. ಮುಲಾಮು ಎಷ್ಟು ಹಚ್ಚಬೇಕು, ಸ್ನಾನ ಹೇಗೆ ಮಾಡಿಸಬೇಕು, ಯಾವ ಬಟ್ಟೆ ಹಾಕಬೇಕು ಎಂದೆಲ್ಲ ಹೇಳಿದವರಲ್ಲಿ ಯಾರೂ "ಜ್ವರದ ಗುಳ್ಳೆ ಇರುವವರಿಂದ ದೂರವಿಡಿ" ಎಂದಿರಲಿಲ್ಲ. ಈ ಬರಹಕ್ಕೆ ಕಾರಣವೇ ಅದು.

ಅದೇ ವೈರಸ್ ತಮ್ಮನ ತುಟಿಯಲ್ಲಿ ಒಂದು ಗುಳ್ಳೆಯಾಗಿ ನಿಂತದ್ದು, ಮಗಳ ಮೈಯಲ್ಲಿ ನೂರಾರು ಗುಳ್ಳೆಯಾದದ್ದೇಕೆ? ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಮತ್ತೆ ಮತ್ತೆ ಕೇಳಿದ್ದು ಇದನ್ನೇ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಗಟ್ಟಿಮುಟ್ಟಾದ ಚರ್ಮ ಒತ್ತಾಗಿ ಕಟ್ಟಿದ ಗೋಡೆಯ ಹಾಗೆ. ಚರ್ಮದ ಜೀವಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ಇಸುಬು ಇರುವ ಅನೇಕರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನ್ ಕಡಿಮೆ ಇರುತ್ತದೆ, ಗಾರೆಯೂ ಸಾಲದು. ಗೋಡೆಯಲ್ಲಿ ಬಿರುಕು. ಜೊತೆಗೆ ಒಳಗಿನ ಉರಿಯೂತವೇ ಕಾವಲನ್ನೂ ಕುಗ್ಗಿಸುತ್ತದೆ. ಚರ್ಮ ತಾನಾಗಿಯೇ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕೆಲವು ಪದಾರ್ಥಗಳನ್ನು ತಯಾರಿಸುತ್ತದೆ. ಅವುಗಳಲ್ಲೊಂದಾದ ಎಲ್‌ಎಲ್-37 ಹರ್ಪಿಸ್ ವೈರಸ್ಸನ್ನು ತಡೆಯಬಲ್ಲದು. ಇಸುಬು ಕೆರಳಿದಾಗ ರೋಗನಿರೋಧಕ ಕಣಗಳು ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಎಂಬ ಸಂಕೇತಗಳನ್ನು ಧಾರಾಳವಾಗಿ ಹೊರಬಿಡುತ್ತವೆ, ಮತ್ತು ಇವು ಆ ಪದಾರ್ಥದ ತಯಾರಿಕೆಯನ್ನು ತಗ್ಗಿಸುತ್ತವೆ.

"ಹಂಗಾದ್ರೆ ಅವಳಿಗೆ ರೋಗನಿರೋಧಕ ಶಕ್ತಿ ಕಮ್ಮಿನಾ ಡಾಕ್ಟ್ರೇ?" ಎಂದೆ.

"ಕಮ್ಮಿ ಅಲ್ಲಮ್ಮ. ದಾರಿ ತಪ್ಪಿದೆ. ಬೇಡದ ಕಡೆ ಗಲಾಟೆ ಮಾಡ್ತಿದೆ, ಬೇಕಾದ ಕಡೆ ಆಳಿಲ್ಲ."

ಈ ಮಾತಿನಿಂದ ನನ್ನೊಳಗಿದ್ದ ಒಂದು ತಪ್ಪು ತಿಳಿವಳಿಕೆ ಕಳಚಿತು. ಇಸುಬೆಂದರೆ ಬರೀ ತುರಿಕೆ, ಬರೀ ಅಂದಗೆಡಿಸುವ ಕಲೆ, ದೊಡ್ಡವಳಾದಂತೆ ಹೋಗುತ್ತದೆ ಎಂದೇ ನಾನು ಇಷ್ಟು ದಿನ ನಂಬಿದ್ದೆ. ಬಾಗಿಲಿಲ್ಲದ ಮನೆಯಲ್ಲಿ ಮಗುವನ್ನು ಮಲಗಿಸಿದ್ದೇನೆ ಎಂದು ಗೊತ್ತಿರಲಿಲ್ಲ.

ಡಾಕ್ಟರಮ್ಮ ಒಂದು ಗುಳ್ಳೆಯ ಮೇಲ್ಪೊರೆ ಬಿಡಿಸಿ, ಬುಡವನ್ನು ಹತ್ತಿಕಡ್ಡಿಯಿಂದ ಒರೆಸಿ, ವೈರಸ್ಸನ್ನು ಗುರುತಿಸುವ ಪಿಸಿಆರ್ ಪರೀಕ್ಷೆಗೆ ಕಳಿಸಿದರು. ವರದಿಗೆ ಕಾಯಲಿಲ್ಲ. ಆ ಗಂಟೆಯಲ್ಲೇ ಏಸೈಕ್ಲೋವಿರ್ ಎಂಬ ಹರ್ಪಿಸ್ ಔಷಧಿಯ ಡ್ರಿಪ್ ಶುರು ಮಾಡಿದರು. ಇದು ನೀವು ತಿಳಿದಿರಬೇಕಾದ ವಿಷಯ. ಅನುಮಾನ ಬಲವಾಗಿದ್ದರೆ ಔಷಧಿ ಮೊದಲು, ವರದಿ ಆಮೇಲೆ. ಔಷಧಿ ಒಂದೊಂದು ದಿನ ತಡವಾದಂತೆ ಆಸ್ಪತ್ರೆವಾಸವೂ ಉದ್ದವಾಗುತ್ತದೆ. ಏಸೈಕ್ಲೋವಿರ್, ವೈರಸ್ ಹೊಕ್ಕ ಜೀವಕೋಶದೊಳಗೆ, ವೈರಸ್ಸಿನದೇ ಕಿಣ್ವದಿಂದ ಚುರುಕುಗೊಂಡು, ವೈರಸ್ ಮರಿಹಾಕುವುದನ್ನು ನಿಲ್ಲಿಸುತ್ತದೆ. ಹಾಗಾಗಿ ವೈರಸ್ ಬೆಳೆಯುತ್ತಿರುವಾಗ ಕೊಟ್ಟರೇ ಹೆಚ್ಚು ಫಲ. ಈ ಔಷಧಿಯನ್ನು ರೂಪಿಸಿದ ಕೆಲಸದಲ್ಲಿ ಮುಂಚೂಣಿಯಲ್ಲಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಇದು ಬರುವ ಮುಂಚೆ ಈ ಕಾಯಿಲೆಯಲ್ಲಿ ಮಕ್ಕಳು ತೀರಿಹೋಗುತ್ತಿದ್ದರು ಎಂದು ಓದಿದ ರಾತ್ರಿ, ಡ್ರಿಪ್ಪಿನ ಹನಿಯನ್ನೇ ನೋಡುತ್ತ ಕೂತಿದ್ದೆ.

ಕಣ್ಣಿನ ಡಾಕ್ಟರು ಅವತ್ತು ಮಧ್ಯಾಹ್ನ ಬಂದರು. ಕಿತ್ತಳೆ ಬಣ್ಣದ ಒಂದು ಹನಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ವೈರಸ್ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಇಳಿದಿದ್ದರೆ ಅಲ್ಲಿ ಮರದ ಕೊಂಬೆಯ ಹಾಗೆ ಕವಲೊಡೆದ ಗಾಯ ಹೊಳೆಯುತ್ತದಂತೆ. ಅದು ಕಲೆಗಟ್ಟಿದರೆ ದೃಷ್ಟಿಗೇ ಕುತ್ತು. ನಮ್ಮ ಪುಣ್ಯ, ಊದಿದ್ದು ರೆಪ್ಪೆ ಮಾತ್ರ, ಒಳಗೆ ಸ್ವಚ್ಛವಾಗಿತ್ತು. ಹಣೆ, ಮೂಗು, ರೆಪ್ಪೆಯ ಸುತ್ತ ಗುಳ್ಳೆ ಕಂಡರೆ ಕಣ್ಣಿನ ಡಾಕ್ಟರಿಗೂ ತೋರಿಸಿ ಎಂದು ಯಾರೂ ಹೇಳದಿದ್ದರೂ ನೀವೇ ಕೇಳಿ.

ಎರಡು ದಿನದ ಮೇಲೆ ವರದಿ ಬಂತು, ಹರ್ಪಿಸ್ ಟೈಪ್ 1, ಸಾಮಾನ್ಯವಾಗಿ ತುಟಿಯ ಗುಳ್ಳೆ ತರುವ ಬಗೆ. ಆರು ದಿನ ಆಸ್ಪತ್ರೆಯಲ್ಲಿದ್ದೆವು. ಹಕ್ಕಳೆಯೆಲ್ಲ ಉದುರಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು.

ಆಮೇಲೆ ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಬುಧವಾರದ ಫೋಟೋದಲ್ಲೇ ಎಲ್ಲವೂ ಇತ್ತು. ಇಸುಬು ಕೆರಳಿದಾಗ ಚರ್ಮ ಅಂಚಿಲ್ಲದೆ ಕೆಂಪಾಗುತ್ತದೆ, ಒರಟಾಗುತ್ತದೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಇವು ಹಾಗಿರಲಿಲ್ಲ. ಅಚ್ಚಿನಲ್ಲಿ ಒತ್ತಿದಂತೆ ಎಲ್ಲವೂ ಒಂದೇ ಗಾತ್ರ, ಹಲವುಗಳ ನಡುವೆ ಸಣ್ಣ ಗುಳಿ. ಶುಕ್ರವಾರದ ಫೋಟೋದಲ್ಲಿ ಅವು ಒಡೆದು, ಪಂಚಿಂಗ್ ಯಂತ್ರದಲ್ಲಿ ತೂತು ಹೊಡೆದಂತೆ ದುಂಡನೆಯ ಹುಣ್ಣಾಗಿದ್ದವು. ಕೆಲವು ಕಡೆ ಅವೆಲ್ಲ ಕೂಡಿಕೊಂಡು ರಸ ಒಸರುವ ದೊಡ್ಡ ಗಾಯವಾಗಿತ್ತು. ಕತ್ತಿನಲ್ಲಿ ಗಂಟು ಕಟ್ಟಿದ್ದು ಕೈಗೆ ಸಿಕ್ಕಿತ್ತು, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಿನಕ್ಕೊಂದು ಫೋಟೋ, ಹಗಲು ಬೆಳಕಿನಲ್ಲಿ, ಅದೇ ಜಾಗದ್ದು ತೆಗೆಯಿರಿ. ತಾಯಿಯ ಕಣ್ಣು ದಿನವೂ ನೋಡಿ ನೋಡಿ ಒಗ್ಗಿಹೋಗುತ್ತದೆ, ಫೋಟೋ ಒಗ್ಗುವುದಿಲ್ಲ.

ಕೈ-ಕಾಲು-ಬಾಯಿ ರೋಗ ತರುವ ಕಾಕ್ಸಾಕಿ ವೈರಸ್ಸೂ ಇಸುಬಿನ ಜಾಗವನ್ನೇ ಆರಿಸಿಕೊಂಡು ಹೀಗೇ ಗುಳ್ಳೆ ಎಬ್ಬಿಸಬಹುದು. ಅದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಇದು ಅದೋ, ಇದೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವ ಕೆಲಸಕ್ಕೆ ಹೋಗಬೇಡಿ.

ಈಗ ನನ್ನ ಎರಡನೇ ತಪ್ಪು. ಮೊದಲನೆಯದಕ್ಕಿಂತ ಇದನ್ನು ಹೆಚ್ಚು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ಇಂಥ ಕಥೆ ಓದಿದವರು ನೇರವಾಗಿ ಇದೇ ಹಳ್ಳಕ್ಕೆ ಬೀಳುತ್ತಾರೆ. ಮನೆಗೆ ಬಂದ ಮೇಲೆ ನಾನು ಸ್ಟೀರಾಯ್ಡ್ ಮುಲಾಮನ್ನು ಮುಟ್ಟಲಿಲ್ಲ. ಅದರಿಂದಲೇ ಹೀಗಾಯಿತು ಎಂದು ತೀರ್ಮಾನಿಸಿಬಿಟ್ಟಿದ್ದೆ. ತಿಂಗಳೊಳಗೆ ಮೈಯೆಲ್ಲ ಇಸುಬು, ರಾತ್ರಿ ನಿದ್ದೆಯಿಲ್ಲ, ಹಾಸಿಗೆಯಲ್ಲಿ ರಕ್ತದ ಕಲೆ. ಮರುತಪಾಸಣೆಗೆ ಹೋದಾಗ ಡಾಕ್ಟರಮ್ಮ ಬೇಸರದಿಂದಲೇ ಹೇಳಿದರು: "ಮುಲಾಮು ಹಚ್ಚಿದ್ದು ತಪ್ಪಲ್ಲಮ್ಮ. ಬರೀ ಮುಲಾಮು ನೆಚ್ಚಿಕೊಂಡು ಕಾದಿದ್ದು ತಪ್ಪು. ಇಸುಬನ್ನ ಹತೋಟಿಗೆ ತರದೆ ಬಿಟ್ಟರೆ ಆ ವೈರಸ್ಸಿಗೆ ಮತ್ತೆ ಬಾಗಿಲು ತೆಗೆದ ಹಾಗೆ." ಹೌದು, ಮತ್ತೆ ಬರಬಹುದು. ಒಮ್ಮೆ ಹೊಕ್ಕ ಹರ್ಪಿಸ್ ನರಗಳ ಗಂಟಿನಲ್ಲಿ ಜೀವನಪೂರ್ತಿ ಅಡಗಿ ಕೂರುತ್ತದೆ. ಅದು ಎದ್ದು ಬಂದಾಗ ಚರ್ಮ ಗಟ್ಟಿಯಾಗಿರಬೇಕು. ಸೋಂಕು ಸಕ್ರಿಯವಾಗಿರುವಾಗ ಯಾವ ಮುಲಾಮು ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಡಾಕ್ಟರೇ ಹೇಳಲಿ. ಉಳಿದ ದಿನಗಳಲ್ಲಿ ತೇವ ಕಾಯುವ ಕ್ರೀಮನ್ನೂ, ಹೇಳಿದ ಮುಲಾಮನ್ನೂ ತಪ್ಪಿಸಬೇಡಿ.

ತಮ್ಮನಿಗೆ ವಿಷಯ ತಿಳಿಸುವುದು ಕಷ್ಟವಾಯಿತು. "ಅಕ್ಕಾ, ನನ್ನಿಂದಾನಾ?" ಎಂದು ಕೇಳಿ ಸುಮ್ಮನಾದ. ನಿನ್ನಿಂದಲೇ ಎಂದು ಹೇಗೆ ಹೇಳಲಿ? 50 ವರ್ಷದೊಳಗಿನ ಪ್ರಪಂಚದ ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿಯಲ್ಲಿ ಈ ವೈರಸ್ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬಹಳಷ್ಟು ಜನರಿಗೆ ಅದು ತಮ್ಮಲ್ಲಿರುವುದೇ ಗೊತ್ತಿಲ್ಲ. ಗುಳ್ಳೆ ಕಾಣದಿದ್ದಾಗಲೂ ಅಷ್ಟಿಷ್ಟು ಹರಡುತ್ತದೆ, ಅದನ್ನು ಪೂರ್ತಿ ತಡೆಯಲು ಯಾರಿಂದಲೂ ಆಗದು. ಆದರೆ ತುಟಿ ಚುರುಗುಟ್ಟಲು ಶುರುವಾದಾಗಿನಿಂದ ಗುಳ್ಳೆ ಒಣಗಿ ಹಕ್ಕಳೆ ಉದುರುವವರೆಗೆ ಮುತ್ತು ಬೇಡ, ಒಂದೇ ಲೋಟ ಬೇಡ, ಒಂದೇ ಟವೆಲ್ ಬೇಡ. ಗುಳ್ಳೆ ಮುಟ್ಟಿದರೆ ಕೈ ತೊಳೆಯಬೇಕು. ಎಳೆ ಕೂಸುಗಳ ವಿಷಯದಲ್ಲಂತೂ, ಇಸುಬು ಇರಲಿ ಬಿಡಲಿ, ಇದು ಇನ್ನೂ ಕಟ್ಟುನಿಟ್ಟು. ಮೊದಲ ಕೆಲವು ವಾರಗಳಲ್ಲಿ ಹರ್ಪಿಸ್ ತಗುಲಿದರೆ ಪ್ರಾಣಕ್ಕೇ ಅಪಾಯ. ಬಂಧುಗಳ ಮುಂದೆ "ಮುತ್ತು ಕೊಡಬೇಡಿ" ಎನ್ನಲು ನಾಲಿಗೆ ಏಳುವುದಿಲ್ಲ, ನನಗೂ ಗೊತ್ತು. ಹೇಳಿಬಿಡಿ. ಹೋದ ತಿಂಗಳು ತಮ್ಮನೇ ಫೋನು ಮಾಡಿ, "ಅಕ್ಕಾ, ತುಟಿ ಚುರುಗುಟ್ತಿದೆ, ಈ ವಾರ ಬರಲ್ಲ" ಎಂದ.

ಇನ್ನೊಂದು ಮಾತು. ಆಸ್ಪತ್ರೆಯ ಕೌಂಟರಿನಲ್ಲಿ "ಮಗೂಗೆ ಅಲರ್ಜಿ ಆಗಿದೆ" ಎಂದರೆ ಸಾಲಿನ ಕೊನೆಯಲ್ಲಿ ಕೂರಿಸುತ್ತಾರೆ. ನಾವೂ ಗುರುವಾರ ಹಾಗೆ ಹೇಳಿಯೇ ಎರಡು ಗಂಟೆ ಕೂತಿದ್ದೆವು. ಹೀಗೆ ಹೇಳಿ: "ಇಸುಬು ಇರೋ ಮಗು. ಎರಡು ದಿನದಿಂದ ಒಂದೇ ಥರದ ಗುಳ್ಳೆ ಏಳ್ತಿವೆ, ನೋವಿದೆ, ಜ್ವರ ಇದೆ. ಹರ್ಪಿಸ್ ಇರಬಹುದಾ, ಈಗಲೇ ನೋಡಿ." ಕಣ್ಣಿನ ಹತ್ತಿರ ಇದ್ದರೆ ಅದನ್ನು ಮೊದಲು ಹೇಳಿ.