ದೋಣಿಯ ಡೆಕ್‌ಗೆ ತೇಗವೋ, ಪ್ಲಾಸ್ಟಿಕ್ಕೋ?

ಡೆಕ್ (ದೋಣಿಯ ಮೇಲೆ ಓಡಾಡುವ ನೆಲ) ಅಂದ ಕೂಡಲೇ ಜನ ಬಣ್ಣ ನೋಡುತ್ತಾರೆ. ನಾನು ಸ್ಕ್ರೂ ಹುಡುಕುತ್ತೇನೆ. ಹಲಗೆಗಳನ್ನು ಸ್ಕ್ರೂ ಹೊಡೆದು ಕೂರಿಸಿದ್ದಾರಾ, ಅಂಟು ಹಾಕಿ ಕೂರಿಸಿದ್ದಾರಾ? ಮರ ಬೇಕೋ ಪ್ಲಾಸ್ಟಿಕ್ ಬೇಕೋ ಅನ್ನುವುದು ಆಮೇಲಿನ ಮಾತು.

ನನ್ನ ಫೈಬರ್ ಹಾಯಿದೋಣಿಗೆ ಮೊದಲು ಇದ್ದದ್ದು ಸ್ಕ್ರೂ ಹೊಡೆದ ತೇಗ. ಅದನ್ನೆಲ್ಲ ಕಿತ್ತು, ಮುಂದಿನ ಡೆಕ್‌ಗೂ ಎರಡು ಪಕ್ಕದ ಓಡಾಡುವ ಜಾಗಕ್ಕೂ ತೇಗದ ಹಾಗೆ ಕಾಣುವ ಪಿವಿಸಿ ಪ್ಲಾಸ್ಟಿಕ್ ಹಾಕಿಸಿದೆ. ಕಾಕ್‌ಪಿಟ್‌ಗೆ, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೆ, ಹೊಸ ತೇಗವನ್ನೇ ಅಂಟಿಸಿದೆ. ನೀರಿಗಿಳಿಯುವ ಹಿಂದಿನ ಮೆಟ್ಟಿಲಿಗೆ ಇವಿಎ ಫೋಮ್, ಅಂದರೆ ಸ್ಪಂಜಿನಂಥ ಮೆತ್ತಗಿನ ಪ್ಲಾಸ್ಟಿಕ್. ಹಾಗಾಗಿ ಮೂರೂ ಒಂದೇ ದೋಣಿಯಲ್ಲಿ, ಒಂದೇ ಬಿಸಿಲು, ಒಂದೇ ಉಪ್ಪುನೀರು ತಿನ್ನುತ್ತಿವೆ.

ಮೊದಲು ಸ್ಕ್ರೂ ವಿಷಯ ಮುಗಿಸಿಬಿಡೋಣ. ಹಳೆಯ ಕಾಲದ ತೇಗದ ಡೆಕ್‌ಗೆ ಸಾವಿರಕ್ಕೂ ಹೆಚ್ಚು ಸ್ಕ್ರೂ ಇರುವುದು ಅಪರೂಪವೇನಲ್ಲ. ಅಂದರೆ ಡೆಕ್‌ಗೆ ಸಾವಿರ ತೂತು. ಫೈಬರ್ ಡೆಕ್ ಬಹುಪಾಲು ಒಂದೇ ಗಟ್ಟಿ ಪದರ ಅಲ್ಲ. ಮೇಲೊಂದು, ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಎಂಬ ಹಗುರ ಮರ. ಹಲಗೆಗಳ ನಡುವಿನ ಸಂದಿಗೆ ತುಂಬಿದ ಕಪ್ಪು ಸೀಲಂಟ್ ಒಂದು ಕಡೆ ಬಿಟ್ಟುಕೊಂಡರೆ ಸಾಕು, ನೀರು ಹಲಗೆಯಡಿ ಹರಿದು, ಸ್ಕ್ರೂ ಹಿಡಿದು ಕೆಳಗಿಳಿಯುತ್ತದೆ. ನನ್ನದರಲ್ಲಿ ಸ್ಕ್ರೂ ತಲೆ ಮುಚ್ಚಿದ ಮರದ ಬಿರಡೆಗಳು ಒಂದೊಂದೇ ಮೇಲೇಳುತ್ತಿದ್ದವು. ಒಂದನ್ನು ತೆಗೆದು ಸ್ಕ್ರೂ ತಿರುಗಿಸಿದರೆ ಅದು ಬೆರಳಲ್ಲೇ ಸುತ್ತಿಕೊಂಡು ಬಂತು. ಹಿಂದೆಯೇ ಕಂದು ನೀರು. ಒಳಗಿನ ಬಾಲ್ಸಾ ಹಿಂಡಿದರೆ ತೊಟ್ಟಿಕ್ಕುವಷ್ಟು ನೆನೆದಿತ್ತು. ತಮಾಷೆ ಅಂದರೆ ತೇಗಕ್ಕೆ ಏನೂ ಆಗಿರಲಿಲ್ಲ. ಕೊಳೆತದ್ದು ಅದರ ಕೆಳಗಿನದು.

ಈಗ ತೇಗವನ್ನು ಅಂಟಿಸುವುದೇ ಹೆಚ್ಚು. ಎಂಟು-ಹತ್ತು ಮಿಲಿಮೀಟರ್ ದಪ್ಪದ ಪಟ್ಟಿಗಳು, ಕೆಳಗೆ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಅಂಟು, ತೂತೇ ಇಲ್ಲ. ಕೆಲಸದವರು ಸಂದಿಯ ತಳಕ್ಕೆ ತೆಳು ಟೇಪ್ ಹಾಕುತ್ತಾರಾ ಅಂತ ಮಾತ್ರ ನಿಂತು ನೋಡಿ. ಸೀಲಂಟ್ ಎರಡು ಪಕ್ಕಕ್ಕಷ್ಟೇ ಹಿಡಿಯಬೇಕು. ತಳಕ್ಕೂ ಹಿಡಿದರೆ ಮರ ಹಿಗ್ಗಿ ಕುಗ್ಗುವಾಗ ಅದಕ್ಕೆ ಎಳೆದಾಡಲು ಜಾಗ ಇರಲ್ಲ, ಪಕ್ಕದಲ್ಲಿ ಕಿತ್ತುಕೊಳ್ಳುತ್ತದೆ.

ಇನ್ನು ಬಿಸಿಲು. ನನ್ನ ಲೆಕ್ಕದಲ್ಲಿ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮಧ್ಯಾಹ್ನ ಗಾಳಿ ಇಲ್ಲದೆ ಲಂಗರು ಹಾಕಿ ನಿಂತಾಗ, ಬರಿಗಾಲಲ್ಲಿ ಪಿವಿಸಿ ಮೇಲೆ ನಿಲ್ಲೋಕೆ ಆಗಲ್ಲ. ತುದಿಗಾಲಲ್ಲಿ ಓಡಬೇಕು. ಅಲ್ಲಿಂದ ಕಾಕ್‌ಪಿಟ್ ತೇಗದ ಮೇಲೆ ಕಾಲಿಟ್ಟರೆ ಬಿಸಿ ಇರುತ್ತದೆ, ಆದರೆ ನಿಲ್ಲಬಹುದು. ಒಂದು ಬಕೆಟ್ ನೀರು ಎರಡರ ಮೇಲೂ ಹುಯ್ದು ನೋಡಿ. ಪಿವಿಸಿ ಮೇಲೆ ನೀರು ಹರಿದುಹೋಗಿ, ಒಣಗಿ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಾವು. ತೇಗ ಒಂದಷ್ಟು ನೀರು ಕುಡಿದುಕೊಳ್ಳುತ್ತದೆ, ಅದು ಆರುವವರೆಗೂ ತಂಪು. ಎಣ್ಣೆ ಬಳಿಯದೆ ಬಿಟ್ಟ ತೇಗ ಬೂದು ಬಣ್ಣಕ್ಕೆ ತಿರುಗುವುದೂ ಇಲ್ಲಿ ಅನುಕೂಲವೇ, ತಿಳಿ ಬಣ್ಣ ಕಡಿಮೆ ಕಾಯುತ್ತದೆ. ಹೊಸ ಪಿವಿಸಿಗಳಲ್ಲಿ ಕಡಿಮೆ ಕಾಯುವ ಬಗೆಗಳೂ ಬಂದಿವೆ. ಹಾಕಿಸುವುದೇ ಆದರೆ ತಿಳಿ ಬೂದು ಬಣ್ಣ ತಗೊಳ್ಳಿ. ಹೊಸ ತೇಗದ ಹೊಂಬಣ್ಣದ ಆಸೆ ಬಿಟ್ಟುಬಿಡಿ, ಅದು ಫೋಟೋಗೆ ಚೆಂದ, ಅಂಗಾಲಿಗಲ್ಲ.

ಹಿಡಿತದಲ್ಲಿ ಒಣಗಿದ್ದಾಗ ಎರಡೂ ಒಂದೇ. ಒದ್ದೆಯಾದಾಗ ತೇಗದ ಮೇಲೆ ನನಗೆ ನಂಬಿಕೆ ಜಾಸ್ತಿ. ದೋಣಿ ಒಂದು ಪಕ್ಕಕ್ಕೆ ವಾಲಿ ಅಲೆ ಮೇಲೆ ಬರುವಾಗ ಅದರ ಒರಟು ಎಳೆಗಳು ಕಾಲನ್ನು ಹಿಡಿದುಕೊಳ್ಳುತ್ತವೆ. ಪಿವಿಸಿ ಕೂಡ ಪರವಾಗಿಲ್ಲ, ಉಜ್ಜಿ ಒರಟು ಮಾಡಿದ್ದರೆ. ಅದರ ಮೇಲೆ ಸನ್‌ಸ್ಕ್ರೀನ್ ಎಣ್ಣೆ ಬಿದ್ದರೆ ಮಾತ್ರ ಜೋಪಾನ.

ತೊಳೆಯುವ ವಿಷಯದಲ್ಲಿ ಪಿವಿಸಿ ಗೆಲ್ಲುತ್ತದೆ, ಎರಡು ಮಾತಿಲ್ಲ. ಸೋಪು ನೀರು, ಗಟ್ಟಿ ಬ್ರಷ್, ಮುಗೀತು. ಡೀಸೆಲ್ ಕಲೆ ಹೋಗದಿದ್ದರೆ ಒರಟು ಉಪ್ಪುಕಾಗದದಲ್ಲಿ ಉಜ್ಜಬಹುದು. ಉಜ್ಜಿದ ಜಾಗ ಕೆಲವು ದಿನ ಬೇರೆ ಬಣ್ಣ ಕಾಣುತ್ತದೆ, ಆಮೇಲೆ ಸೇರಿಕೊಳ್ಳುತ್ತದೆ. ಹಾಗಂತ ತೇಗಕ್ಕೆ ಕೆಲಸ ಜಾಸ್ತಿ ಅನ್ನುವುದು ಅರ್ಧ ಸತ್ಯ. ತೇಗವನ್ನು ಹಾಳು ಮಾಡುವುದು ಅತಿಯಾದ ಸೇವೆ. ಗಟ್ಟಿ ಬ್ರಷ್ ಹಿಡಿದು ಎಳೆಯ ಉದ್ದಕ್ಕೆ ತಿಕ್ಕಿದರೆ ಮೆತ್ತಗಿನ ಎಳೆ ಎದ್ದುಹೋಗಿ ಗೆರೆ ಗೆರೆ ಗುಂಡಿ ಬೀಳುತ್ತದೆ. ಆಸಿಡ್ ಇರುವ ಕ್ಲೀನರ್ ಇನ್ನೂ ಬೇಗ ತಿನ್ನುತ್ತದೆ. ಪ್ರೆಷರ್ ವಾಷರ್ ಅಂತೂ ಹತ್ತಿರವೇ ತರಬೇಡಿ. ಸಮುದ್ರದ ನೀರು, ಮೆತ್ತಗಿನ ಬ್ರಷ್, ಎಳೆಗೆ ಅಡ್ಡಲಾಗಿ ಹಗುರವಾಗಿ. ನಾನು ಇಷ್ಟೇ ಮಾಡುವುದು, ಎಣ್ಣೆ ಮುಟ್ಟಿಸಿಲ್ಲ.

ಪ್ಲಾಸ್ಟಿಕ್ ಹಗುರ ಅಂತ ಮಾರುವವರು ಹೇಳುತ್ತಾರೆ, ಅಲ್ವಾ? ಹತ್ತು ಮಿಲಿಮೀಟರ್ ತೇಗ ಚದರ ಮೀಟರ್‌ಗೆ ಸುಮಾರು 6.5 ಕಿಲೋ. ಐದು ಮಿಲಿಮೀಟರ್ ಗಟ್ಟಿ ಪಿವಿಸಿ ಅದಕ್ಕೆ ಬಹಳ ದೂರ ಏನಿಲ್ಲ. ನಿಜವಾಗಿ ಹಗುರ ಬೇಕಿದ್ದರೆ ಫೋಮೇ. ನನ್ನ ಮೆಟ್ಟಿಲಿನ ಫೋಮ್ ಕಾಲಿಗೆ ಹಿತ, ಕತ್ತರಿಸಿ ಅಂಟಿಸುವುದೂ ಸುಲಭ. ಆದರೆ ಅಂಚುಗಳು ಆಗಲೇ ಎದ್ದಿವೆ, ಕುರ್ಚಿ ಕಾಲಿನ ತಗ್ಗು ಹಾಗೇ ಉಳಿದಿದೆ. ಸಣ್ಣ ಮೀನುಗಾರಿಕೆ ದೋಣಿಗೆ ಸಾಕು.

ತೇಗ ಸಿಗುವುದೇ ಈಗ ಕಷ್ಟ. ದೋಣಿ ಕಟ್ಟುವವರು ಮೆಚ್ಚುತ್ತಿದ್ದದ್ದು ಬರ್ಮಾ ಕಾಡಿನ ತೇಗ. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. 2021ರಲ್ಲಿ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ, ಯೂರೋಪಿಯನ್ ಒಕ್ಕೂಟ ಎರಡೂ ನಿರ್ಬಂಧ ಹೇರಿದವು. ನೆಡುತೋಪಿನ ತೇಗ ಸಿಗುತ್ತದೆ, ಆದರೆ ಎಳೆ ಮರದಲ್ಲಿ ಎಣ್ಣೆ ಅಂಶ ಕಡಿಮೆ, ಹೊರಗಿನ ಬಿಳಿ ಮರ ಜಾಸ್ತಿ. ಕೊಳ್ಳುವಾಗ ಬಿಳಿ ಗೆರೆ ಇರುವ ಪಟ್ಟಿಗಳನ್ನು ಪಕ್ಕಕ್ಕಿಡಿ. ಮರ ಎಲ್ಲಿಂದ ಬಂತು ಅನ್ನುವ ಕಾಗದವನ್ನೂ ಕೇಳಿ.

ಇಡೀ ಡೆಕ್‌ಗೆ ಒಂದೇ ಹಾಕಬೇಕು ಅಂತ ನಿಯಮ ಏನಿಲ್ಲ. ಶೂ ಹಾಕಿಕೊಂಡು ಓಡಾಡುವ ಮುಂದಿನ ಡೆಕ್‌ಗೆ ಪಿವಿಸಿ ಸಾಕು. ಲಂಗರಿನ ಕೆಸರು ಬೀಳುವುದೂ ಅಲ್ಲೇ. ದಿನವಿಡೀ ಬರಿಗಾಲಲ್ಲಿ ಕೂರುವ ಕಾಕ್‌ಪಿಟ್ ತೇಗವನ್ನು ನಾನು ಬದಲಾಯಿಸಲ್ಲ. ಮೆಟ್ಟಿಲಿನ ಫೋಮ್ ಪೂರ್ತಿ ಕಿತ್ತು ಬಂದ ಮೇಲೆ ಅಲ್ಲಿಗೂ ತಿಳಿ ಬೂದು ಪಿವಿಸಿ ಹಾಕಿಸುತ್ತೇನೆ. ಹೇಗೂ ಅದು ಯಾವಾಗಲೂ ಒದ್ದೆ, ಕಾಯುವ ಪ್ರಶ್ನೆಯೇ ಇಲ್ಲ.