ದೇವಿಮನೆ ಘಟ್ಟದ ಮಂಜಿಗೆ ಯಾವ ಫಾಗ್ ಲೈಟ್? ಮೂರು ಜೋಡಿ ಹಾಕಿ ನೋಡಿದೆ

ಕೆಲಸ ಶಿರಸಿಯಲ್ಲಿ, ಮನೆ ಕುಮಟಾದಲ್ಲಿ. ಶನಿವಾರ ಸಂಜೆ ಘಟ್ಟ ಇಳಿಯುತ್ತೇನೆ, ಸೋಮವಾರ ಬೆಳಗಿನ ಜಾವ ಹತ್ತುತ್ತೇನೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಂಜು ಎಂದು ನಾವು ಹೇಳುವುದು ನಿಜಕ್ಕೂ ಮೋಡವೇ. ಸಮುದ್ರದ ಕಡೆಯಿಂದ ಬಂದ ಮೋಡ ಗುಡ್ಡಕ್ಕೆ ತಾಗಿ ರಸ್ತೆಯ ಮೇಲೇ ಕೂತಿರುತ್ತದೆ. ಒಂದು ತಿರುವಿನಲ್ಲಿ ಎಲ್ಲ ಸ್ವಚ್ಛ ಕಾಣುತ್ತದೆ, ಮುಂದಿನ ತಿರುವಿನಲ್ಲಿ ಬಾನೆಟ್ ತುದಿಯೂ ಕಾಣುವುದಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲಿ ಅಂಚಿನ ಬಿಳಿ ಗೆರೆಯೂ ಇರುವುದಿಲ್ಲ.

ನನ್ನದು ವ್ಯಾಗನ್ ಆರ್, ಕೆಳಗಿನ ಮಾಡೆಲ್. ಬಂಪರಿನಲ್ಲಿ ಫಾಗ್ ಲೈಟಿಗೆ ಜಾಗ ಇದೆ, ಲೈಟ್ ಇಲ್ಲ. ಎರಡು ಮಳೆಗಾಲದಲ್ಲಿ ಮೂರು ಜೋಡಿ ಲೈಟ್ ನಾನೇ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ದಾರಿ ಅದೇ, ತಿರುವು ಅವೇ, ಹೊತ್ತೂ ಹೆಚ್ಚುಕಮ್ಮಿ ಅದೇ.

ಮೊದಲು ತಂದದ್ದು ಚೌಕದ ಸಣ್ಣ ಎಲ್‌ಇಡಿ ಲೈಟ್. ಬೈಕಿಗೂ ಜೀಪಿಗೂ ಹಾಕಿಕೊಂಡು ಹೋಗುತ್ತಾರಲ್ಲ, ಅದೇ. ಜೋಡಿಗೆ 700 ರೂಪಾಯಿ. ಕ್ಲಾಂಪ್ ಕೊಟ್ಟು ನಂಬರ್ ಪ್ಲೇಟ್ ಪಕ್ಕ ಬಿಗಿದರೆ ಆಯಿತು, ಅರ್ಧ ಗಂಟೆ ಕೆಲಸ. ಮನೆಯ ಅಂಗಳದಲ್ಲಿ ಹಚ್ಚಿದಾಗ ತೆಂಗಿನ ಮರದ ತುದಿಯವರೆಗೂ ಬೆಳಕು ಹೋಯಿತು. ಖುಷಿಯಾಯಿತು. ಆದರೆ ತೊಂದರೆ ಇರುವುದು ಅಲ್ಲೇ. ತೆಂಗಿನ ತುದಿಗೆ ಹೋದ ಬೆಳಕಿನಿಂದ ರಸ್ತೆಗೆ ಉಪಯೋಗ ಇಲ್ಲ. ಘಟ್ಟದಲ್ಲಿ ಹಚ್ಚಿದ ಕೂಡಲೇ ಕಾರಿನ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗಾಯಿತು. ಪಕ್ಕದಲ್ಲಿ ಕೂತಿದ್ದ ಭಾವ, ‘ಆರಿಸು ಮಾರಾಯಾ, ಇದಕ್ಕಿಂತ ಕತ್ತಲೆಯೇ ಬೇಕು’ ಅಂದ. ಆರಿಸಿದೆ. ನಿಜಕ್ಕೂ ಜಾಸ್ತಿ ಕಂಡಿತು.

ಕಾರಣ ಸರಳ. ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ನಮ್ಮ ಕಣ್ಣಿನ ಮಟ್ಟದಲ್ಲಿರುವ ಹನಿಗೆ ಬೆಳಕು ಬಿದ್ದರೆ ಅದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಹೈ ಬೀಮ್ ಹಾಕಿದರೆ ಏನೂ ಕಾಣದಿರುವುದು ಇದಕ್ಕೇ. ಫಾಗ್ ಲೈಟ್ ಅನ್ನು ಬಂಪರಿನ ಕೆಳಗೆ ಇಡುವುದೂ ಇದಕ್ಕೇ. ಅದರ ಬೆಳಕು ನೆಲಕ್ಕೆ ಹತ್ತಿರ ಹೋಗಬೇಕು, ಎಡಕ್ಕೂ ಬಲಕ್ಕೂ ಹರಡಬೇಕು, ಮೇಲೆ ಮಾತ್ರ ಕತ್ತಿಯಲ್ಲಿ ಕೊಯ್ದ ಹಾಗೆ ನಿಲ್ಲಬೇಕು. ಚೌಕದ ಲೈಟಿಗೆ ಆ ಕೊಯ್ತವೇ ಇಲ್ಲ. ಎದುರು ಬರುವ ಬಸ್ಸಿನ ಡ್ರೈವರಿಗೂ ಅದು ಹಿಂಸೆ. ಎರಡೇ ವಾರಕ್ಕೆ ಬಿಚ್ಚಿದೆ. ಅದನ್ನು ಯಾರಿಗೂ ಹಾಕಿ ಎಂದು ಹೇಳಲಾರೆ.

ಎರಡನೆಯದು ಎಲ್‌ಇಡಿ ಪ್ರೊಜೆಕ್ಟರ್. ಜೋಡಿಗೆ 3,200 ರೂಪಾಯಿ. ಒಳಗೆ ಗೋಲಿಯಂಥ ದಪ್ಪ ಲೆನ್ಸ್, ಅದರ ಹಿಂದೆ ಬೆಳಕನ್ನು ತಡೆಯುವ ತಗಡು. ಗೋಡೆಗೆ ಹಿಡಿದರೆ ಮೇಲಿನ ಅಂಚು ಗೆರೆ ಎಳೆದ ಹಾಗೆ ಬರುತ್ತದೆ. ಇದನ್ನು ನೋಡಿ ನನಗೆ ತುಂಬಾ ಆಸೆಯಾಯಿತು. ಪೆಟ್ಟಿಗೆಯ ಮೇಲೆ ಒಂದಕ್ಕೆ 60 ವ್ಯಾಟ್ ಎಂದು ಬರೆದಿದ್ದರು. ಮೀಟರ್ ಹಿಡಿದರೆ ಎರಡೂ ಸೇರಿ 3.2 ಆಂಪಿಯರ್. ಅಂದರೆ ಎರಡಕ್ಕೂ ಸೇರಿ ಸುಮಾರು 44 ವ್ಯಾಟ್. ಆದರೂ ಬೆಳಕು ಸಾಕಷ್ಟಿತ್ತು.

ಒಣ ರಾತ್ರಿಯಲ್ಲಿ, ಹೆದ್ದಾರಿ 66ರಲ್ಲಿ ಕುಮಟಾದಿಂದ ಅಂಕೋಲಾ ಕಡೆ ಹೋಗುವಾಗ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಇಲ್ಲ. ಘಟ್ಟದಲ್ಲಿ ಕಥೆ ಬೇರೆ. ಬೆಳಕು ನಡುವೆ ಗಟ್ಟಿಯಾಗಿ ಬೀಳುತ್ತದೆ, ಬದಿಗೆ ಹರಡುವುದು ಕಡಿಮೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವಾಗ ನನಗೆ ಬೇಕಾದದ್ದು ಎದುರಿನ ಡಾಂಬರು ಅಲ್ಲ, ಎಡಗಡೆಯ ಚರಂಡಿ. ಅದು ಕಾಣಲಿಲ್ಲ. ಇನ್ನೊಂದು ವಿಷಯ. ಇದರಲ್ಲಿ ಬಿಳಿ, ಹಳದಿ ಎರಡೂ ಬಣ್ಣ ಇವೆ. ಸ್ವಿಚ್ ಆರಿಸಿ ಹಚ್ಚಿದರೆ ಬಣ್ಣ ಬದಲಾಗುತ್ತದೆ. ಮಂಜಿನ ನಡುವೆ ಒಂದು ಕ್ಷಣ ಆರಿಸುವುದೂ ನನಗೆ ಸರಿ ಕಾಣಲಿಲ್ಲ. ಎರಡು ಸಲ ಎಡದ ಲೈಟ್ ಹಳದಿಗೆ ಹೋಗಿ ಬಲದ್ದು ಬಿಳಿಯಲ್ಲೇ ಉಳಿಯಿತು.

ಮೂರನೆಯದು ಹಳೆಯ ಕ್ರಮದ ಹ್ಯಾಲೊಜೆನ್ ಕಿಟ್. ಗಾಜಿನ ಲೈಟ್, ಎಚ್11 ಎಂಬ ಮಾದರಿಯ ಬಲ್ಬ್, 55 ವ್ಯಾಟ್. ವೈರಿಂಗ್, ರಿಲೇ, ಸ್ವಿಚ್ ಎಲ್ಲ ಸೇರಿ 1,900 ರೂಪಾಯಿ. ಗೋಡೆಯ ಮೇಲೆ ಇದರ ಅಂಚು ಪ್ರೊಜೆಕ್ಟರ್‌ನಷ್ಟು ಚೂಪಿಲ್ಲ. ಆದರೆ ಹರಡುವುದು ಎಷ್ಟು ಅಂತೀರಿ! ನಮ್ಮ ಗೇಟಿನ ಎರಡೂ ಕಂಬ, ಅದರಾಚೆ ದಾಸವಾಳದ ಗಿಡ, ಎಲ್ಲ ಒಂದೇ ಸಲ ಕಾಣುತ್ತವೆ. ಘಟ್ಟದಲ್ಲಿ ಮೊದಲ ದಿನವೇ ವ್ಯತ್ಯಾಸ ತಿಳಿಯಿತು. ದೂರ ಕಾಣುವುದಿಲ್ಲ, ಹತ್ತು ಹದಿನೈದು ಮೀಟರ್ ಅಷ್ಟೇ. ಆದರೆ ಆ ಹದಿನೈದು ಮೀಟರ್‌ನಲ್ಲಿ ಚರಂಡಿ, ತಡೆಗೋಡೆ, ಬಿದ್ದ ಕಲ್ಲು ಎಲ್ಲ ಇರುತ್ತವೆ. ಇಪ್ಪತ್ತರ ವೇಗದಲ್ಲಿ ಹೋಗಲು ಅಷ್ಟು ಸಾಕು.

ಆಮೇಲೆ 500 ರೂಪಾಯಿ ಕೊಟ್ಟು ಅದಕ್ಕೇ ಹಳದಿ ಬಲ್ಬ್ ಹಾಕಿದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುತ್ತಾರೆ, ಅಲ್ವಾ? ಅದು ಸರಿಯಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು, ಅದು ಎಲ್ಲ ಬಣ್ಣವನ್ನೂ ಒಂದೇ ಥರ ಚದುರಿಸುತ್ತದೆ. ದೂರ ಕಾಣುವುದರಲ್ಲಿ ನನಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ವಾಪಸ್ ಬರುವ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ ಇರುವುದರಿಂದ ಕಣ್ಣಿಗೆ ಹಿತ. ಘಟ್ಟ ಇಳಿದು ಕತಗಾಲ ಮುಟ್ಟುವಾಗ ಮೊದಲು ಹಣೆ ಸಿಡಿಯುತ್ತಿತ್ತು. ಈಗ ಇಲ್ಲ. ನನಗೆ ಅಷ್ಟೇ ಸಾಕು.

ಹ್ಯಾಲೊಜೆನ್‌ಗೆ ಇನ್ನೊಂದು ಗುಣ ಇದೆ, ಬಿಸಿ. ಗಾಜಿನ ಮೇಲೆ ಬಿದ್ದ ಕೆಸರು ನೀರು ಬೇಗ ಒಣಗುತ್ತದೆ. ಒಳಗೆ ಕಟ್ಟಿದ ಹಬೆಯೂ ಹೋಗುತ್ತದೆ. ಪ್ರೊಜೆಕ್ಟರ್ ಒಳಗೆ ಕಟ್ಟಿದ ಹಬೆ ವಾರವಾದರೂ ಹೋಗಲಿಲ್ಲ. ಆದರೆ ಅದೇ ಬಿಸಿ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ನನ್ನ ಹ್ಯಾಲೊಜೆನ್ ಕಿಟ್‌ನ ಬಲದ ಲೈಟ್ ಜುಲೈ ತಿಂಗಳಲ್ಲಿ ಹಾಗೆಯೇ ಒಡೆದು ನೀರು ತುಂಬಿತು. ಬೇರೆ ತಂದು ಹಾಕಿದೆ.

ಕರೆಂಟ್ ಮಾತ್ರ ಇದು ಜಾಸ್ತಿ ಎಳೆಯುತ್ತದೆ. ಎರಡು ಬಲ್ಬಿಗೆ 110 ವ್ಯಾಟ್, ಅಂದರೆ 9 ಆಂಪಿಯರ್ ಹತ್ತಿರ. ಇದನ್ನು ನೇರ ಸ್ವಿಚ್ಚಿಗೆ ಕೊಡಬೇಡಿ, ಹೆಡ್‌ಲೈಟ್ ವೈರಿಗಂತೂ ಜೋಡಿಸಲೇಬೇಡಿ, ವೈರ್ ಕಾದು ಸುಡುತ್ತದೆ. ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಪೆಟ್ಟಿಗೆ, ಬೇಕೇ ಬೇಕು. ರಿಲೇಯಲ್ಲಿ 30 ಎಂದು ನಂಬರ್ ಇರುವ ಕಾಲಿಗೆ ಬ್ಯಾಟರಿಯ ಪ್ಲಸ್, ನಡುವೆ 15 ಆಂಪಿಯರ್ ಫ್ಯೂಸ್. ಆ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. 87ರಿಂದ ಲೈಟಿಗೆ. 86ಕ್ಕೆ ಸ್ವಿಚ್ಚಿನ ವೈರ್, 85ರಿಂದ ಕಾರಿನ ಲೋಹದ ಮೈಗೆ ಅರ್ತ್. ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟಿನಿಂದ ತೆಗೆದುಕೊಂಡೆ. ಹಾಗಾಗಿ ಲೈಟ್ ಆರಿಸಿದರೆ ಫಾಗ್ ಲೈಟೂ ಆರುತ್ತದೆ, ಮರೆತು ಬ್ಯಾಟರಿ ಇಳಿಯುವ ಭಯ ಇಲ್ಲ. ಮುಖ್ಯ ವೈರ್ 2.5 ಚದರ ಮಿಲಿಮೀಟರ್ ಹಾಕಿದೆ. ಎಂಜಿನ್ ಕಡೆಯಿಂದ ಒಳಗೆ ತರಲು ಹೊಸ ತೂತು ಕೊರೆಯಲಿಲ್ಲ, ಇದ್ದ ರಬ್ಬರ್ ಬುಷ್‌ನಲ್ಲೇ ತೂರಿಸಿದೆ.

ಬಂಪರ್ ಪೂರ್ತಿ ಬಿಚ್ಚುವುದೂ ಬೇಡ. ಚಕ್ರವನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಒಳಗಿನ ಪ್ಲಾಸ್ಟಿಕ್ ಹಾಳೆಯ ಮುಂದಿನ ಕ್ಲಿಪ್ಪುಗಳನ್ನು ತೆಗೆದರೆ ಕೈ ಹೋಗುತ್ತದೆ. ಕ್ಲಿಪ್ ಒಂದೆರಡು ಮುರಿಯುತ್ತವೆ, ಮೊದಲೇ ನಾಲ್ಕು ಹೆಚ್ಚು ತಂದಿಟ್ಟುಕೊಳ್ಳಿ.

ಕರಾವಳಿಯವರು ಅರ್ತ್ ಬೋಲ್ಟ್ ಮೇಲೆ ಕಣ್ಣಿಡಬೇಕು. ಪೇಂಟ್ ಕೆರೆದು ಬಿಗಿದ ಜಾಗ ಉಪ್ಪು ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿಯಿತು. ಲೈಟ್ ಮಿಣುಕತೊಡಗಿದಾಗ ಬಲ್ಬೇ ಹೋಯಿತು ಎಂದುಕೊಂಡಿದ್ದೆ. ಈಗ ಬಿಗಿದ ಮೇಲೆ ಗ್ರೀಸ್ ಮೆತ್ತುತ್ತೇನೆ.

ಯಾವ ಲೈಟೇ ಆಗಲಿ, ಎತ್ತರ ಸರಿ ಮಾಡದಿದ್ದರೆ ಹಣ ದಂಡ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ. ನೆಲದಿಂದ ಲೈಟಿನ ನಡುವಿನವರೆಗೆ ಅಳೆದು, ಗೋಡೆಯ ಮೇಲೆ ಅದಕ್ಕಿಂತ 4 ಇಂಚು ಕೆಳಗೆ ಸುಣ್ಣದ ಗೆರೆ ಎಳೆಯಿರಿ. ಬೆಳಕಿನ ಮೇಲಿನ ಅಂಚು ಅಲ್ಲಿ ನಿಲ್ಲಬೇಕು. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಅಕ್ಕಿ ಚೀಲ ಇದ್ದರೆ ಮುಂಭಾಗ ಎತ್ತುತ್ತದೆ. ನಾನು ಯಾವಾಗಲೂ ಸಾಮಾನು ಒಯ್ಯುವವನು, ಅದಕ್ಕೇ ಚೀಲ ಇಟ್ಟುಕೊಂಡೇ ಗೆರೆಗೆ ಹೊಂದಿಸಿದೆ.

ಈಗ ನನ್ನ ಕಾರಿನಲ್ಲಿ ಇರುವುದು ಹಳದಿ ಬಲ್ಬಿನ ಹ್ಯಾಲೊಜೆನ್. ಪ್ರೊಜೆಕ್ಟರ್ ಜೋಡಿಯನ್ನು ಭಾವ ಒಯ್ದ. ಅವನ ಮನೆ ಕಾರವಾರದಲ್ಲಿ, ಓಡಾಟವೆಲ್ಲ ಹೆದ್ದಾರಿಯಲ್ಲೇ. ಅವನಿಗೆ ಅದೇ ಸರಿ.