ಆರಡಿ ಬಿಳಿ ಬೋರ್ಡು, ನಾಲ್ಕು ಮಳೆಗಾಲ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ 4. ಕಡಿಮೆಯಾದ ಒಂದು ಅಂಕ ಮಲೆನಾಡಿನ ಮಳೆಯ ಲೆಕ್ಕಕ್ಕೆ.

ವಸ್ತು ಏನಪ್ಪಾ ಅಂದರೆ 6 ಅಡಿ ಅಗಲ, 4 ಅಡಿ ಎತ್ತರದ ಬಿಳಿ ಬೋರ್ಡು. ಅಲ್ಯೂಮಿನಿಯಂ ಫ್ರೇಮು, ಮ್ಯಾಗ್ನೆಟ್ ಕಚ್ಚುತ್ತದೆ. 2021ರ ಡಿಸೆಂಬರ್‌ನಲ್ಲಿ ಶಿವಮೊಗ್ಗದ ನೆಹರೂ ರೋಡಿನ ಒಂದು ಸ್ಟೇಷನರಿ ಅಂಗಡಿಯಲ್ಲಿ ತಗೊಂಡಿದ್ದು. ಚೌಕಾಸಿ ಮಾಡಿ 5,200 ರೂಪಾಯಿ. ಲಗೇಜ್ ಆಟೋಕ್ಕೆ 200. ಮ್ಯಾಗ್ನೆಟ್ ಕಚ್ಚದ ಬೋರ್ಡು ಇನ್ನೂ 1,000 ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಯಾಕೋ ಇದನ್ನೇ ತಂದೆವು. ಪುಣ್ಯ.

ನಮ್ಮದು ವಿನೋಬನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿ. ಆರು ಜನ. ಅಡಿಕೆ ಮಂಡಿಗಳಿಗೆ, ಸಣ್ಣ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರೈತ ತಂದ ಲಾಟು, ಅದರ ತೂಕ, ಟೆಂಡರಿನಲ್ಲಿ ಬಿದ್ದ ರೇಟು, ಹಮಾಲಿ, ಮುಂಗಡದ ವಜಾ, ಕೊನೆಗೆ ರೈತನ ಕೈಗೆ ಹೋಗುವ ಪಟ್ಟಿ. ಕೇಳೋಕೆ ಇಷ್ಟೇ ಅನಿಸುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳು, ಎಲ್ಲದಕ್ಕೂ ಬೇರೆ ಬೇರೆ ರೇಟು, ಮಂಡಿಗೊಂದು ಪದ್ಧತಿ. ಎರಡು ಮಂಡಿಯವರು ಚೀಲದ ತೂಕ ಒಂದೇ ಥರ ಕಳೆದಿದ್ದನ್ನು ನಾನಂತೂ ನೋಡಿಲ್ಲ.

ಬೋರ್ಡಿಗೆ ಮುಂಚೆ ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲಿತ್ತು. ಬೆಳಿಗ್ಗೆ ಒಬ್ಬರು ಹೇಳಿದ ಕೆಲಸ ಮಧ್ಯಾಹ್ನದ ಹೊತ್ತಿಗೆ ಹಬ್ಬದ ಶುಭಾಶಯದ ಕೆಳಗೆ ಹೂತುಹೋಗುತ್ತಿತ್ತು. ಯಾರ ಹತ್ತಿರ ಯಾವ ಕೆಲಸ ಇದೆ ಅಂತ ಕೇಳಿದರೆ ಆರು ಜನರದ್ದೂ ಆರು ಉತ್ತರ.

ಬೋರ್ಡಿನ ಮೇಲೆ ನಾಲ್ಕು ಕಾಲಂ ಎಳೆದೆವು: ಮಾಡಬೇಕು, ನಡೀತಿದೆ, ಟೆಸ್ಟಿಂಗ್, ಮಂಡಿಗೆ ಹೋಯ್ತು. ಒಂದು ಕೆಲಸಕ್ಕೆ ಒಂದು ಚೀಟಿ. ಕೆಲಸ ಮುಂದೆ ಹೋದಂತೆ ಚೀಟಿಯೂ ಬಲಕ್ಕೆ ಸರಿಯುತ್ತದೆ. ಇದು ನಮ್ಮ ತಲೆಯಿಂದ ಬಂದದ್ದೇನಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೋ ಅನ್ನುವವರು ಇಂಥ ಚೀಟಿ ಪದ್ಧತಿ ತಂದರು. ಕಾನ್‌ಬಾನ್ ಅಂತ ಹೆಸರು, ಜಪಾನಿ ಮಾತಿನಲ್ಲಿ ಅಂಗಡಿ ಮುಂದೆ ಹಾಕುವ ಬೋರ್ಡಿಗೂ ಹಾಗೇ ಅನ್ನುತ್ತಾರೆ. ಸಾಫ್ಟ್‌ವೇರಿನವರು ಅದನ್ನು ಎತ್ತಿಕೊಂಡಿದ್ದು 2000ದ ಈಚೆಗೆ.

ಮೊದಲ ಆರು ತಿಂಗಳು ಇದರ ಜೊತೆ ಸ್ಕ್ರಮ್ ಅನ್ನುವ, ಸಾಫ್ಟ್‌ವೇರ್ ತಂಡಗಳ ಇನ್ನೊಂದು ಪದ್ಧತಿಯನ್ನೂ ಮಾಡಿದೆವು. ಎರಡು ವಾರದ ಸ್ಪ್ರಿಂಟ್ (ಅಷ್ಟರೊಳಗೆ ಮುಗಿಸುವ ಕೆಲಸ ಮೊದಲೇ ಗೊತ್ತುಮಾಡಿಕೊಳ್ಳುವುದು), ದಿನಾ ಬೆಳಿಗ್ಗೆ 15 ನಿಮಿಷ ನಿಂತುಕೊಂಡೇ ಮಾಡುವ ಮೀಟಿಂಗ್. ಸ್ಪ್ರಿಂಟ್ ನಮಗೆ ಹೊಂದಲಿಲ್ಲ. ಟೆಂಡರ್ ದಿನ ಮಂಡಿಯಲ್ಲಿ ಪಟ್ಟಿ ಪ್ರಿಂಟ್ ಆಗುತ್ತಿಲ್ಲ ಅಂತ ಫೋನ್ ಬಂದರೆ "ಮುಂದಿನ ಸ್ಪ್ರಿಂಟ್‌ನಲ್ಲಿ ತಗೋತೇವೆ" ಅನ್ನೋಕಾಗುತ್ತಾ? ಹೊರಗೆ ಗಾಡಿ ಬಾಡಿಗೆ ಕೊಟ್ಟು ಬಂದ ರೈತರು ಕೂತಿರುತ್ತಾರೆ. ನಿಂತುಕೊಂಡು ಮಾಡುವ ಮೀಟಿಂಗ್ ಮಾತ್ರ ಉಳಿಸಿಕೊಂಡೆವು. ಅದರಲ್ಲೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀ, ಏನು ಅಡ್ಡಿ ಅನ್ನುವ ಮೂರು ಪ್ರಶ್ನೆ ಬಿಟ್ಟೆವು. ಅದು ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಆಗಿತ್ತು. ಸ್ಕ್ರಮ್ ಗೈಡ್ ಬರೆಯುವವರೇ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆ ತೆಗೆದುಹಾಕಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಈಗ ನಾವು ಬೋರ್ಡಿನ ಬಲತುದಿಯಿಂದ ಶುರು ಮಾಡುತ್ತೇವೆ. ಮುಗಿಯೋಕೆ ಹತ್ತಿರ ಇರುವ ಚೀಟಿ ಮೊದಲು. ಜನರ ಸರದಿ ಬದಲು ಚೀಟಿಗಳ ಸರದಿ. 10 ನಿಮಿಷದೊಳಗೆ ಮುಗಿಯುತ್ತದೆ, ಆಮೇಲೆ ಟೀ.

ಇನ್ನು ಚುಕ್ಕಿಯ ವಿಷಯ. ನಾಲ್ಕು ವರ್ಷದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಖರ್ಚು ಒಂದು ಕೆಂಪು ಪೆನ್ನು.

"ನಡೀತಿದೆ" ಕಾಲಮಿನಲ್ಲಿ ಒಂದು ಚೀಟಿ ಒಂದು ದಿನ ಕೂತರೆ ಅದರ ಮೂಲೆಯಲ್ಲಿ ಒಂದು ಚುಕ್ಕಿ. ಎರಡು ದಿನ ಕೂತರೆ ಎರಡು. ಅಷ್ಟೇ. 2022ರ ಕೊನೆಯಲ್ಲಿ ತೂಕದ ಯಂತ್ರದಿಂದ ನೇರವಾಗಿ ಕಂಪ್ಯೂಟರಿಗೆ ತೂಕ ಬರುವಂತೆ ಮಾಡುವ ಕೆಲಸ ಇತ್ತು. ತೀರ್ಥಹಳ್ಳಿ ಕಡೆಯ ಹುಡುಗ ತಗೊಂಡಿದ್ದ. ಜಾಣ, ಮಾತು ಕಡಿಮೆ. ದಿನಾ ಕೇಳಿದರೆ "ಆಗ್ತಾ ಇದೆ ಅಣ್ಣ" ಅನ್ನುತ್ತಿದ್ದ. ಒಂದು ಬೆಳಿಗ್ಗೆ ಟೆಸ್ಟಿಂಗ್ ನೋಡುವ ಮೇಡಂ ಬೋರ್ಡಿನ ಹತ್ತಿರ ಹೋಗಿ ಚುಕ್ಕಿ ಎಣಿಸಿದರು. ಎಂಟು.

"ಎಂಟು ದಿನ ಆಯ್ತಲ್ಲೋ. ಏನಾಗ್ತಾ ಇದೆ ಅದು?"

"ಆಗುತ್ತೆ ಅಕ್ಕ. ಇವತ್ತು ಸಂಜೆ ಒಳಗೆ…"

"ಸಂಜೆ ಇರಲಿ. ಈಗ ತೋರಿಸು."

ತೋರಿಸಿದ. ಚೀಲ ಇಟ್ಟ ತಕ್ಷಣ ಮುಳ್ಳು ಅಲ್ಲಾಡುತ್ತದಲ್ಲ, ಹಾಗೆ ಯಂತ್ರ ಸೆಕೆಂಡಿಗೆ ಹಲವು ಸಲ ಬೇರೆ ಬೇರೆ ತೂಕ ಕಳಿಸುತ್ತಿತ್ತು. ಯಾವುದು ನಿಜವಾದ ತೂಕ ಅಂತ ಹಿಡಿಯೋಕೆ ಹುಡುಗ ಎಂಟು ದಿನದಿಂದ ಕೋಡ್ ಬರೆದು ಅಳಿಸುತ್ತಿದ್ದ. ಕೈಯಲ್ಲಿದ್ದ ಮ್ಯಾನ್ಯುಯಲ್ ಬೇರೆ ಮಾಡೆಲ್ಲಿಂದು. ಮಂಡಿಗೆ ಫೋನ್ ಮಾಡಿ ಯಂತ್ರ ರಿಪೇರಿ ಮಾಡುವವರ ನಂಬರ್ ತಗೊಂಡೆವು. ಅವರು ನಕ್ಕುಬಿಟ್ಟರು. ತೂಕ ನಿಂತ ಮೇಲೆ ಒಂದೇ ಸಲ ಕಳಿಸುವ ಸೆಟ್ಟಿಂಗ್ ಯಂತ್ರದಲ್ಲೇ ಇತ್ತು. ಫೋನಿನಲ್ಲಿ 20 ನಿಮಿಷ. ಎಂಟು ದಿನದ ಗಂಟು ಬಿಚ್ಚಿತು.

ಆ ಹುಡುಗನ ಮೇಲೆ ಯಾರೂ ಸಿಟ್ಟು ಮಾಡಲಿಲ್ಲ. ನಮ್ಮ ಕಡೆ "ನನ್ನ ಕೈಯಲ್ಲಿ ಆಗ್ತಿಲ್ಲ" ಅನ್ನೋದು ಬಾಯಿಗೆ ಸುಲಭಕ್ಕೆ ಬರೋ ಮಾತಲ್ಲ. ಊಟಕ್ಕೆ ಕೂತವರು ಸಾಕು ಅನ್ನೋಕೂ ಮೂರು ಸಲ ಸಂಕೋಚಪಡುವ ಜನ ನಾವು. ಚುಕ್ಕಿಗೆ ಆ ಸಂಕೋಚ ಇಲ್ಲ. ಈಗ ನಾಲ್ಕು ಚುಕ್ಕಿ ಬಿದ್ದರೆ ಆ ಚೀಟಿಯ ಹತ್ತಿರ ಇನ್ನೊಬ್ಬರು ಹೋಗಿ ಕೂರಬೇಕು ಅನ್ನೋದು ನಿಯಮ. ಕರೆಯುವ ತನಕ ಕಾಯೋ ಹಾಗಿಲ್ಲ.

ಇದರದ್ದೇ ದೊಡ್ಡ ರೂಪ ಗ್ರಾಹಕರ ಜೊತೆಗೂ ಇದೆ. ಮಲೆನಾಡಿನಲ್ಲಿ "ನೋಡಣ ಬಿಡಿ" ಅಂದರೆ ಏನು ಅರ್ಥ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಬೆಂಗಳೂರಿನಿಂದ ಬಂದು ಸೇರಿದ ನಮ್ಮ ಒಬ್ಬ ಸಹೋದ್ಯೋಗಿಗೆ ಹೇಳಬೇಕಾಯಿತು. ಅವರು ಅದನ್ನು ಒಪ್ಪಿಗೆ ಅಂತ ತಿಳಿದು ಎರಡು ವಾರದ ಕೆಲಸ ಮಾಡಿಟ್ಟರು. ಮಂಡಿಯ ಸಾಹುಕಾರರಿಗೆ ಅದು ಬೇಕೇ ಇರಲಿಲ್ಲ. ಮುಖ ಮುರಿದ ಹಾಗೆ ಆಗುತ್ತದೆ ಅಂತ ಬೇಡ ಅನ್ನಲಿಲ್ಲ, ಅಷ್ಟೇ. ಆಮೇಲಿಂದ ಪ್ರತಿ ಚೀಟಿಯ ಹಿಂದೆ ಎರಡು ವಿಷಯ ಬರೆಯುತ್ತೇವೆ: ಹೇಳಿದವರು ಯಾರು, ಅವರು ಬಳಸಿದ ಮಾತು ಏನು. "ಬೇಕು" ಅಂದರೋ, "ನೋಡಣ" ಅಂದರೋ. ಎರಡನೆಯದಾದರೆ ಚೀಟಿ "ಮಾಡಬೇಕು" ಕಾಲಮಿಗೆ ಬರೋ ಹಾಗಿಲ್ಲ.

ಹೇಳಿದವರ ಹೆಸರು ಬರೆಯುವುದು ಇನ್ನೊಂದು ಕಡೆ ಉಪಕಾರ ಮಾಡಿತು. ಒಂದು ಮಂಡಿಯಲ್ಲಿ ಅಪ್ಪ, ಮಗ ಇಬ್ಬರೂ ನಮಗೆ ಫೋನ್ ಮಾಡುತ್ತಿದ್ದರು. ಮಗನಿಗೆ ಪಟ್ಟಿ ಎ4 ಹಾಳೆಯಲ್ಲಿ ಲೋಗೋ ಸಮೇತ ಬೇಕು. ಅಪ್ಪನಿಗೆ ಹಳೆಯ ಉದ್ದನೆಯ ಪಟ್ಟಿಯೇ ಬೇಕು, ರೈತರು ಮಡಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ ಅಂತ. ನಾವು ಎರಡು ಸಲ ಬದಲಾಯಿಸಿ ಎರಡು ಸಲ ಹಿಂದಕ್ಕೆ ಹಾಕಿದೆವು. ಕೊನೆಗೆ ಇಬ್ಬರನ್ನೂ ಆಫೀಸಿಗೆ ಕರೆದು ಬೋರ್ಡಿನ ಮುಂದೆ ನಿಲ್ಲಿಸಿದೆವು. ಅಪ್ಪ ಕನ್ನಡಕ ಹಾಕಿಕೊಂಡು ಚೀಟಿ ಓದಿದರು.

"ಇದು ಯಾರು ಹೇಳಿದ್ದು?"

"ನಾನೇ ಅಪ್ಪಯ್ಯ."

"ಹಂಗಾದ್ರೆ ಇದರ ಪಕ್ಕದಲ್ಲಿರೋದು ನಂದು."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂಲೆಗೆ ಹೋಗಿ ಮಾತಾಡಿಕೊಂಡು ಬಂದರು. ಪಟ್ಟಿ ಉದ್ದನೆಯದೇ ಉಳಿಯಿತು, ಮೇಲೆ ಸಣ್ಣ ಲೋಗೋ ಬಂತು. ಅವತ್ತಿನಿಂದ ಒಂದು ಮಂಡಿಗೆ ಒಬ್ಬರದೇ ಮಾತು ಅಂತ ಮೊದಲೇ ಬರೆಸಿಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ: ಇಬ್ಬಿಬ್ಬರ ನಡುವೆ ಒಂದೊಂದು ಅಂತ ಹಿಡಿದರೆ, ನಾವು ಆರು ಜನ ಇದ್ದಾಗ ನಮ್ಮೊಳಗೆ ಮಾತಿನ ದಾರಿ 15. ಆ ಕಡೆಯಿಂದ ಮೂವರು ಸೇರಿ ಒಂಬತ್ತಾದರೆ 36. ಜನ ಅರ್ಧದಷ್ಟು ಜಾಸ್ತಿ, ಗೊಂದಲದ ದಾರಿ ಎರಡು ಪಟ್ಟಿಗಿಂತ ಜಾಸ್ತಿ.

ಎಷ್ಟು ಚೀಟಿ ಒಟ್ಟಿಗೆ ನಡೆಯಬಹುದು ಅನ್ನುವುದಕ್ಕೂ ಮಿತಿ ಹಾಕಿದೆವು. ಮೊದಲು "ನಡೀತಿದೆ" ಕಾಲಮಿನಲ್ಲಿ 12 ಚೀಟಿ ಇರುತ್ತಿತ್ತು, ವಾರಕ್ಕೆ 4 ಮುಗಿಯುತ್ತಿತ್ತು. ಅಂದರೆ ಕೈಗೆತ್ತಿಕೊಂಡ ಒಂದೊಂದು ಕೆಲಸಕ್ಕೆ ಸರಾಸರಿ 3 ವಾರ. ಮಿತಿಯನ್ನು 5ಕ್ಕೆ ಇಳಿಸಿದೆವು. ವಾರಕ್ಕೆ ಮುಗಿಯುವುದು ಅದೇ 4, ಕೆಲವೊಮ್ಮೆ 5. ಆದರೆ ಕೈಗೆತ್ತಿಕೊಂಡದ್ದು ವಾರ, ವಾರದ ಮೇಲೆ ಎರಡು ದಿನದಲ್ಲಿ ಮಂಡಿಗೆ ಹೋಗುತ್ತದೆ. ಶುರುವಿಗೆ ಇದಕ್ಕೆ ಭಾರಿ ವಿರೋಧ ಇತ್ತು, ನನ್ನದೂ ಸೇರಿ.

ಇದರ ಬೆಲೆ ಗೊತ್ತಾಗಿದ್ದು 2023ರಲ್ಲಿ. ಜಿಎಸ್‌ಟಿ ಇ-ಇನ್ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಅಲ್ಲಿಯವರೆಗೆ 10 ಕೋಟಿ ವಹಿವಾಟು ಮೀರಿದವರಿಗೆ ಇತ್ತು. ಮೇ 10ರಂದು ಅಧಿಸೂಚನೆ ಬಂತು, ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಕಡ್ಡಾಯ. ನಮ್ಮ ಗ್ರಾಹಕರಲ್ಲಿ ಮೂವರು ಸರಿಯಾಗಿ ಆ ನಡುವೆ ಸಿಕ್ಕಿಬಿದ್ದರು. ಮೂರು ತಿಂಗಳು ಕೂಡ ಇಲ್ಲ. ಬೋರ್ಡಿನ ಮುಂದೆ ನಿಂತಾಗ ನಡೆಯುತ್ತಿದ್ದ ಐದು ಚೀಟಿ ಕಣ್ಣೆದುರೇ ಇತ್ತು. ಎರಡನ್ನು ಮುಗಿಸಿ, ಎರಡನ್ನು ವಾಪಸ್ ಎಡಕ್ಕೆ ಸರಿಸಿ, ಅದನ್ನು ಕೇಳಿದ್ದವರಿಗೆ ಅವತ್ತೇ ಫೋನ್ ಮಾಡಿ ತಡವಾಗುತ್ತದೆ ಅಂದೆವು. ಜುಲೈ ಮೂರನೇ ವಾರಕ್ಕೆ ಕೆಲಸ ಸಿದ್ಧ. ಹಿಂದಿನ 12 ಚೀಟಿಯ ಕಾಲವಾಗಿದ್ದರೆ ಯಾವುದನ್ನು ಬಿಡಬೇಕು ಅನ್ನುವ ಜಗಳದಲ್ಲೇ ಜೂನ್ ಮುಗಿಯುತ್ತಿತ್ತು.

ಬೋರ್ಡಿನ ಬಲ ಮೇಲ್ಮೂಲೆಯಲ್ಲಿ ಕೆಂಪು ಚೀಟಿಗಳ ಜಾಗ ಇದೆ. ಇನ್ನೂ ಆಗಿಲ್ಲದ, ಆದರೆ ಆಗಬಹುದಾದ ತೊಂದರೆಗಳು. ಪುಸ್ತಕದ ಪ್ರಕಾರ ಆಗುವ ಸಾಧ್ಯತೆಗೆ 1ರಿಂದ 5, ಹೊಡೆತಕ್ಕೆ 1ರಿಂದ 5 ಕೊಟ್ಟು ಗುಣಿಸಬೇಕು. ಮಾಡಿ ನೋಡಿದೆವು. ಎಲ್ಲರೂ ಎಲ್ಲದಕ್ಕೂ 3, 3 ಕೊಟ್ಟರು. ಗೋಡೆ ತುಂಬ 9. ಈಗ ಬೇರೆ ಪ್ರಶ್ನೆ ಕೇಳುತ್ತೇವೆ: ಇದು ಆದರೆ ಎಷ್ಟು ದಿನ ಹೋಗುತ್ತೆ? ಆಗುವ ಮುಂಚೆ ಏನು ಕಾಣಿಸುತ್ತೆ? ಯಾರು ಕಣ್ಣಿಡ್ತೀರಿ? ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಖಾಯಂ ಬರುವ ಒಂದು ಕೆಂಪು ಚೀಟಿ "ಕೊಯ್ಲು". ಆರರಲ್ಲಿ ಮೂವರ ಮನೆಯಲ್ಲಿ ತೋಟ ಇದೆ. ಅಡಿಕೆ ಗೊನೆ ಇಳಿಸಿ ಸುಲಿಸುವ ದಿನಗಳಲ್ಲಿ ರಜೆ ಕೊಡಲ್ಲ ಅನ್ನೋಕೆ ನಾನು ಯಾರು? ಮಂಡಿಗಳಿಗೂ ಕೆಲಸ ಜಾಸ್ತಿಯಾಗುವುದು ಅದರ ಬೆನ್ನಿಗೇ. ಹಾಗಾಗಿ ನವೆಂಬರ್‌ನಿಂದ ಜನವರಿಯವರೆಗೆ ದೊಡ್ಡ ಬದಲಾವಣೆ ಒಪ್ಪಿಕೊಳ್ಳುವುದಿಲ್ಲ.

ಬ್ಯಾಕಪ್‌ಗೆ ದುಡ್ಡು ಬೇಕು ಅಂದಾಗ ಒಬ್ಬ ಸಾಹುಕಾರರು ಮೊದಲು ಮುಖ ಸಿಂಡರಿಸಿದರು. ಏನೂ ಆಗದೇ ಇದ್ದರೆ ದಂಡ ಅಲ್ವಾ ಅಂದರು. ಆಮೇಲೆ ಕೆಂಪು ಚೀಟಿಗಳನ್ನು ಒಂದೊಂದಾಗಿ ಓದಿ ಅವರೇ ಹೇಳಿದರು: "ಓ, ಇದು ಕೊಳೆ ಔಷಧಿ ಲೆಕ್ಕ." ಅಡಿಕೆಗೆ ಕೊಳೆ ರೋಗ ಬರದಿರಲಿ ಅಂತ ಮಳೆ ಹಿಡಿಯುವ ಮುಂಚೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಕದಡಿ ಗೊನೆಗೆ ಹೊಡೆಸುವವರಿಗೆ ಮುಂದೆ ನಾನು ವಿವರಿಸುವುದು ಏನೂ ಉಳಿದಿರಲಿಲ್ಲ.

ಇನ್ನು ದೂರು. ಮೊದಲ ಮಳೆಗಾಲಕ್ಕೆ ಅಂಟುವ ಹಳದಿ ಚೀಟಿ ಬಳಸುತ್ತಿದ್ದೆವು. ಪುಷ್ಯ ಮಳೆ ಹಿಡಿದ ವಾರ ಗಾಳಿಯೇ ಒದ್ದೆ. ರಾತ್ರಿ ಹೊತ್ತು ಚೀಟಿಗಳು ಒಂದೊಂದಾಗಿ ಉದುರಿದವು. ಬೆಳಿಗ್ಗೆ ಕಸ ಗುಡಿಸುವ ಅಮ್ಮ ಮೂರು ಚೀಟಿ ಗುಡಿಸಿ ಹಾಕಿದರು, ಅವರ ತಪ್ಪೇನೂ ಇಲ್ಲ. ಎರಡು ನೆನಪಿತ್ತು. ಮೂರನೆಯದು ಮುಂಗಡದ ಬಡ್ಡಿ ತಿಂಗಳ ಕೊನೆಯ ದಿನ ತಪ್ಪು ಬರುತ್ತಿದ್ದ ಕೆಲಸ. ಅದು ಜುಲೈ 31ಕ್ಕೆ ಗ್ರಾಹಕರ ಬಾಯಿಂದ ವಾಪಸ್ ಬಂತು. ಅಂಟು ಚೀಟಿ ಅವತ್ತೇ ಬಿಟ್ಟೆವು. ಈಗ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಹಿಂದೆ ಬರೆದು ಮ್ಯಾಗ್ನೆಟ್ ಹಾಕುತ್ತೇವೆ. ದಪ್ಪ ಕಾಗದ, ಸುರುಳಿ ಸುತ್ತಲ್ಲ, ಮೇ ತಿಂಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಜಾಸ್ತಿ ಕೊಟ್ಟ 1,000 ರೂಪಾಯಿ ಉಪಯೋಗಕ್ಕೆ ಬಂದದ್ದು ಹೀಗೆ.

ಬೇರೆ ಕೊರತೆಗಳೂ ಇವೆ. ಮಳೆಗೆ ರಸ್ತೆ ಕಟ್ಟಿ ಊರಲ್ಲೇ ಉಳಿದವರಿಗೆ ಬೋರ್ಡು ಕಾಣುವುದಿಲ್ಲ. ದಿನಾ ಸಂಜೆ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ, ಊರಲ್ಲಿ ನೆಟ್‌ವರ್ಕ್ ಇದ್ದರೆ ಹೋಗುತ್ತದೆ. ಹೋದ ವರ್ಷ ಈ ಕೆಲಸ ಯಾಕೆ ಬಿಟ್ಟೆವು ಅಂತ ಹುಡುಕೋಕಾಗಲ್ಲ. ಒಂದು ವರ್ಷ ಉಚಿತ ಆನ್‌ಲೈನ್ ಬೋರ್ಡೂ ಜೊತೆಗೆ ಇಟ್ಟುಕೊಂಡೆವು. ಎರಡು ಕಡೆ ಬರೆಯುವುದು ಯಾರಿಂದಲೂ ಆಗಲಿಲ್ಲ, ಬಿಟ್ಟೆವು. ಹತ್ತು ಜನ ಮೀರಿದ, ಎರಡು ಊರಲ್ಲಿ ಕೂತ ತಂಡಕ್ಕೆ ಈ ಬೋರ್ಡು ತಗೊಳ್ಳಿ ಅಂತ ನಾನು ಹೇಳಲಾರೆ. ಮಾರ್ಕರ್ ಕಲೆ ವರ್ಷದ ಮೇಲೆ ಒರೆಸಿದರೆ ಹೋಗಲ್ಲ, ಸ್ಪಿರಿಟ್ ಬೇಕು. ಕೆಳಗಡೆ ಮೆಡಿಕಲ್ ಶಾಪ್ ಇರೋದು ಅನುಕೂಲ.

ಈಗಿರುವ ತಲೆನೋವು ಬೇರೆ. ನಾಲ್ಕನೇ ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡಿನ ಹಿಂದಿನ ಗೋಡೆ ಒಸರೋಕೆ ಶುರುವಾಗಿದೆ. ಫ್ರೇಮಿನ ಎಡತುದಿ ಉಬ್ಬಿದೆ. ಎದುರಿನ ಗೋಡೆಗೆ ಸ್ಥಳ ಬದಲಿಸಬೇಕು, ಅದಕ್ಕೆ ಡ್ರಿಲ್ ಮಾಡಿ ನಾಲ್ಕು ತೂತು ಹೊಡೆಯಬೇಕು. ಕಟ್ಟಡದ ಮಾಲೀಕರನ್ನು ಕೇಳಿದೆ. "ನೋಡಣ ಬಿಡಿ" ಅಂದಿದ್ದಾರೆ. ಕೆಂಪು ಚೀಟಿ ಬರೆದು ಹಾಕಿದ್ದೇವೆ, ಕಣ್ಣಿಡಬೇಕಾದವರು ಅನ್ನುವ ಜಾಗದಲ್ಲಿ ನನ್ನ ಹೆಸರಿದೆ.